‘ಶೇಕ್ ಅಪ್’ ಎಲ್ಲಿ, ‘ಗೇಮ್ ಚೇಂಜರ್’ ಎಲ್ಲಿ? ಎಲ್ಲ ಅಲುಗಾಡಿಸುವ ಇಂಗ್ಲಿಷ್ ಮಾತುಗಳಲ್ಲಿ ಒಂದನ್ನು ಆರಿಸುವುದು ಹೇಗೆ

ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗಕ್ಕೆ ಹೊಸ ಮ್ಯಾನೇಜರ್ ಬಂದರು. ಬಂದ ವಾರದಲ್ಲೇ ಕೆಲಸದ ಹಂಚಿಕೆ, ಮೀಟಿಂಗ್ ಸಮಯ, ಯಾರು ಯಾರಿಗೆ ರಿಪೋರ್ಟ್ ಮಾಡಬೇಕು ಅನ್ನೋದು, ಎಲ್ಲವನ್ನೂ ಅದಲು ಬದಲು ಮಾಡಿದರು. ನನಗಂತೂ ಅದು ಇಷ್ಟವಾಯಿತು. ಮುಖ್ಯ ಕಚೇರಿಗೆ ಹೋಗುವ ಮೇಲ್‌ನಲ್ಲಿ ಖುಷಿಯಿಂದ ‘ವಿ ಆರ್ ಆಲ್ ಶೇಕನ್ ಅಪ್ ಬೈ ದ ನ್ಯೂ ಮ್ಯಾನೇಜರ್’ ಎಂದು ಬರೆದೆ. ಮಧ್ಯಾಹ್ನದೊಳಗೆ ಎಚ್‌ಆರ್‌ನಿಂದ ಫೋನ್. ‘ಏನಾದ್ರೂ ತೊಂದರೆ ಆಯ್ತಾ? ಅವರು ಯಾರಿಗಾದ್ರೂ ಕೂಗಾಡಿದ್ರಾ?’

ನಾನು ಹೇಳಹೊರಟಿದ್ದು ವಿಭಾಗಕ್ಕೆ ಹೊಸ ಚುರುಕು ಬಂದಿದೆ ಅಂತ. ಅವರು ಓದಿಕೊಂಡಿದ್ದು ನಾವೆಲ್ಲ ನಡುಗಿ ಹೋಗಿದ್ದೇವೆ ಅಂತ. ಅವರ ತಪ್ಪೇನೂ ಇಲ್ಲ. ನಾನು ಬರೆದದ್ದರ ಅರ್ಥ ಅದೇ.

ಇಂಗ್ಲಿಷಿನಲ್ಲಿ ಈ ಕುಟುಂಬದ ಮಾತುಗಳು ಬಹಳ. ಶೇಕ್ ಅಪ್, ಓವರ್‌ಹಾಲ್, ಡಿಸ್ರಪ್ಟ್, ಗೇಮ್ ಚೇಂಜರ್, ಸೀ ಚೇಂಜ್, ಪ್ಯಾರಡೈಮ್ ಶಿಫ್ಟ್, ರಾಕ್ ದ ಬೋಟ್, ಅಪ್‌ಸೆಟ್ ದ ಆಪಲ್ ಕಾರ್ಟ್. ಸಮಾನಾರ್ಥಕ ಪದಗಳ ಪಟ್ಟಿ ತೆರೆದರೆ ಎಲ್ಲವೂ ಅಕ್ಕಪಕ್ಕ ಕೂತಿರುತ್ತವೆ, ಯಾವುದನ್ನು ಎತ್ತಿಕೊಂಡರೂ ನಡೆಯುತ್ತದೆ ಅನ್ನುವ ಹಾಗೆ. ನಡೆಯುವುದಿಲ್ಲ. ಒಂದು ಹೊಗಳುತ್ತದೆ, ಇನ್ನೊಂದು ಬೈಯುತ್ತದೆ. ಒಂದು ವಾರದಲ್ಲಿ ಮುಗಿಯುವ ಸಂಗತಿ, ಇನ್ನೊಂದಕ್ಕೆ ಇಪ್ಪತ್ತು ವರ್ಷ ಬೇಕು.

ಮೊದಲು ಕೇಳಿಕೊಳ್ಳಬೇಕಾದ್ದು

ನಾನು ನಾಲ್ಕು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಗಲಾಟೆ ಎಲ್ಲ ಮುಗಿದ ಮೇಲೆ ಬುಡ ಹಾಗೇ ಉಳಿದಿದೆಯಾ, ಅಥವಾ ಬುಡವೇ ಹೋಯಿತಾ? ಬದಲಾವಣೆ ದಿಢೀರ್ ಅಂತ ಬಂತಾ, ಗೊತ್ತಾಗದ ಹಾಗೆ ಬಂತಾ? ಹೇಳುತ್ತಿರುವ ನೀವು ಅದರ ಪರವೋ, ವಿರುದ್ಧವೋ? ಮತ್ತೆ ಓದುವವರು ಯಾರು, ಅವರ ಬಳಿ ಎಷ್ಟು ತಾಳ್ಮೆ ಇದೆ?

ಮೂರನೆಯದನ್ನೇ ಜನ ಜಾಸ್ತಿ ಮರೆಯುವುದು. ಕನ್ನಡದಲ್ಲಿ ನಾವು ಇದನ್ನು ಯೋಚನೆ ಮಾಡದೆ ಸರಿಯಾಗಿ ಮಾಡುತ್ತೇವೆ. ‘ಸಂಚಲನ ಮೂಡಿಸಿದ’ ಅಂದರೆ ಮೆಚ್ಚುಗೆ. ‘ಅಲ್ಲೋಲ ಕಲ್ಲೋಲ ಮಾಡಿದ’ ಅಂದರೆ ದೂರು. ಎರಡನ್ನೂ ಯಾರೂ ಅದಲು ಬದಲು ಮಾಡುವುದಿಲ್ಲ. ಇಂಗ್ಲಿಷಿಗೆ ಹೋದ ಕೂಡಲೇ ಆ ಕಿವಿ ಮಂದವಾಗುತ್ತದೆ.

ಶೇಕ್ ಅಪ್: ಬಾಟಲಿ ಅದೇ, ಒಳಗಿನದು ಅದೇ

ಟಾನಿಕ್ ಬಾಟಲಿಯನ್ನು ನೆನಪು ಮಾಡಿಕೊಳ್ಳಿ. ಕುಡಿಯುವ ಮುಂಚೆ ಚೆನ್ನಾಗಿ ಅಲುಗಾಡಿಸಿ ಅಂತ ಮೇಲೆ ಬರೆದಿರುತ್ತದೆ. ಅಲುಗಾಡಿಸಿದರೆ ತಳದಲ್ಲಿ ಕೂತದ್ದು ಮೇಲೆ ಬರುತ್ತದೆ, ಮೇಲೆ ತೇಲುತ್ತಿದ್ದದ್ದು ಕೆಳಗೆ ಇಳಿಯುತ್ತದೆ. ಬಾಟಲಿ ಬದಲಾಗುವುದಿಲ್ಲ, ಔಷಧಿಯೂ ಬದಲಾಗುವುದಿಲ್ಲ. ‘ಶೇಕ್ ಅಪ್’ ಅಂದರೆ ಇಷ್ಟೇ. ಸಂಪುಟದಲ್ಲಿ ಖಾತೆಗಳ ಬದಲಾವಣೆ, ತಂಡದಲ್ಲಿ ಆರಂಭಿಕ ಆಟಗಾರನನ್ನು ಐದನೇ ಕ್ರಮಾಂಕಕ್ಕೆ ಇಳಿಸುವುದು, ಕಚೇರಿಯಲ್ಲಿ ಒಂದೇ ದಿನ ಹತ್ತು ಜನರ ವರ್ಗಾವಣೆ, ಇವೆಲ್ಲ ಶೇಕ್ ಅಪ್. ಇದೇ ಸುದ್ದಿಗೆ ನಮ್ಮ ಪತ್ರಿಕೆಗಳು ‘ಮೇಜರ್ ಸರ್ಜರಿ’ ಅಂತ ತಲೆಬರಹ ಕೊಡುತ್ತವೆ. ನಮ್ಮ ಪತ್ರಿಕೆಗಳಿಗೆ ಒಗ್ಗಿಹೋದ ಇಂಗ್ಲಿಷ್ ಅದು. ಅದನ್ನೇ ಇಂಗ್ಲಿಷ್ ವಾಕ್ಯದೊಳಗೆ ಇಟ್ಟರೆ ಓದುವವರು ಆಸ್ಪತ್ರೆಯನ್ನು ನೆನೆಸಿಕೊಳ್ಳುತ್ತಾರೆ.

ಇದರ ದೊಡ್ಡ ಲಾಭ ಎಂದರೆ ಇದು ಹೆಚ್ಚೂಕಮ್ಮಿ ತಟಸ್ಥ. ಒಳ್ಳೆಯದಾಯಿತು ಅನ್ನುವುದೂ ಇಲ್ಲ, ಕೆಟ್ಟದಾಯಿತು ಅನ್ನುವುದೂ ಇಲ್ಲ. ಮಾತಿಗೂ ಸರಿ, ಸುದ್ದಿಗೂ ಸರಿ. ತಲೆಬರಹದಲ್ಲಿ ಜಾಗವೂ ಕಡಿಮೆ ತೆಗೆದುಕೊಳ್ಳುತ್ತದೆ.

ತೊಂದರೆ ಇರುವುದು ವ್ಯಾಕರಣದಲ್ಲಿ. ಏನನ್ನು ಅಲುಗಾಡಿಸಿದರು ಅನ್ನುವ ಜಾಗದಲ್ಲಿ ಕೆಲಸ, ವ್ಯವಸ್ಥೆ, ತಂಡ, ಉದ್ಯಮ ಇದ್ದರೆ ಅದು ಬದಲಾವಣೆ. ಅದೇ ಜಾಗದಲ್ಲಿ ಮನುಷ್ಯ ಬಂದು, ‘ಶೇಕನ್ ಅಪ್’ ಅಂತಾದರೆ ಅದು ಗಾಬರಿ. ಅಪಘಾತದಿಂದ ಪಾರಾಗಿ ಬಂದವರಿಗೆ ಹೇಳುವ ಮಾತು ಅದು: ಗಾಯ ಏನೂ ಇಲ್ಲ, ಆದರೆ ನಡುಗಿ ಹೋಗಿದ್ದಾರೆ. ನಾನು ಬಿದ್ದದ್ದು ಈ ಗುಂಡಿಗೇ. ಎಚ್‌ಆರ್ ಫೋನ್ ಇಟ್ಟ ಮೇಲೆ ಎರಡನೇ ಮೇಲ್ ಕಳಿಸಿದೆ. ‘ಶೀ ಹ್ಯಾಸ್ ಶೇಕನ್ ಥಿಂಗ್ಸ್ ಅಪ್, ಅಂಡ್ ವಿ ಲೈಕ್ ಇಟ್.’ ‘ಥಿಂಗ್ಸ್’ ಅನ್ನುವ ಒಂದು ಪದ ಒಳಗೆ ಬಂದದ್ದೇ ತಡ, ನಡುಗಿದ್ದು ನಾವಲ್ಲ, ಕೆಲಸ ಅಂತಾಯಿತು.

ಹತ್ತಿರದ ಇನ್ನೆರಡು ಮಾತುಗಳ ಬಗ್ಗೆಯೂ ಹುಷಾರು. ‘ಶೇಕ್ ಡೌನ್’ ಅಂದರೆ ಹೆದರಿಸಿ ಹಣ ಕೀಳುವುದು. ಹೊಸ ಹಡಗನ್ನು ಮೊದಲ ಸಲ ಪರೀಕ್ಷೆಗೆ ಓಡಿಸುವುದಕ್ಕೂ ಅದೇ ಹೆಸರಿದೆ, ಆದರೆ ನಿಮ್ಮ ಮ್ಯಾನೇಜರ್ ಬಗ್ಗೆ ಬರೆದರೆ ಯಾರೂ ಹಡಗಿನ ಅರ್ಥ ಹಿಡಿಯುವುದಿಲ್ಲ. ‘ಶೇಪ್ ಅಪ್’ ಅಂದರೆ ಸರಿಯಾಗಿ ನಡೆದುಕೋ ಅನ್ನುವ ಗದರಿಕೆ. ಒಂದಕ್ಷರ ಜಾರಿದರೂ ಊರೇ ಬೇರೆ.

ಓವರ್‌ಹಾಲ್: ಬಿಚ್ಚಿ ಜೋಡಿಸಿದ್ದು

ಇದು ನಾವಿಕರ ಮಾತು. ಹಡಗಿನ ಹಗ್ಗ, ರಾಟೆಗಳನ್ನು ಎಳೆದು, ಸಡಿಲಿಸಿ, ನೋಡಿ ಸರಿಮಾಡುವುದಕ್ಕೆ ಹುಟ್ಟಿದ್ದು. ಆಮೇಲೆ ಗ್ಯಾರೇಜಿಗೆ ಬಂತು. ಇಂಜಿನ್ ಪೂರ್ತಿ ಬಿಚ್ಚಿ, ಸವೆದ ಭಾಗ ಬದಲಿಸಿ, ಮತ್ತೆ ಜೋಡಿಸಿದರೆ ಓವರ್‌ಹಾಲ್. ಶೇಕ್ ಅಪ್ ಮಾಡುವವನಿಗೆ ಧೈರ್ಯ ಇದ್ದರೆ ಸಾಕು. ಓವರ್‌ಹಾಲ್ ಮಾಡುವವನಿಗೆ ಕೆಲಸ ಗೊತ್ತಿರಬೇಕು. ಹಾಗಾಗಿಯೇ ರೆಸ್ಯೂಮೆಗೆ ಇದು ಒಳ್ಳೆಯ ಮಾತು. ಬಿಲ್ಲಿಂಗ್ ಪದ್ಧತಿಯನ್ನು ‘ಶೇಕ್ ಅಪ್’ ಮಾಡಿದೆ ಎಂದು ಬರೆದರೆ ಇಂಟರ್‌ವ್ಯೂ ಮಾಡುವವರು ‘ಆಮೇಲೆ ಅದು ಕೆಲಸ ಮಾಡಿತಾ?’ ಅಂತ ಕೇಳಬಹುದು. ‘ಓವರ್‌ಹಾಲ್’ ಮಾಡಿದೆ ಎಂದರೆ ಆ ಉತ್ತರ ಅರ್ಧ ಅದರೊಳಗೇ ಇದೆ. ಆದರೆ ಚುರುಕು, ಹೊಸತನ, ಮಜಾ ಇದರಲ್ಲಿ ಸಿಗುವುದಿಲ್ಲ. ಕೈಗೆ ಗ್ರೀಸ್ ಮೆತ್ತಿದ ಮಾತು ಇದು.

ಡಿಸ್ರಪ್ಟ್: ಎರಡು ಮುಖದ ಮಾತು

ಈ ಪಟ್ಟಿಯಲ್ಲಿ ಅತಿ ಹೆಚ್ಚು ಯೋಚಿಸಿ ಬಳಸಬೇಕಾದ್ದು ಇದೇ. ‘ಮಳೆಯಿಂದ ರೈಲು ಸಂಚಾರ ಡಿಸ್ರಪ್ಟ್ ಆಗಿದೆ’ ಅಂದರೆ ಅಸ್ತವ್ಯಸ್ತ. ಶಾಲೆಯ ವರದಿಯಲ್ಲಿ ‘ಡಿಸ್ರಪ್ಟಿವ್’ ಅಂತಿದ್ದರೆ ಮಗು ಪಾಠ ನಡೆಯಲು ಬಿಡುತ್ತಿಲ್ಲ ಅಂತ. ಅದೇ ಮಗು ದೊಡ್ಡದಾಗಿ ಒಂದು ಸ್ಟಾರ್ಟ್‌ಅಪ್ ಶುರು ಮಾಡಿದರೆ, ಹೂಡಿಕೆದಾರರ ಮುಂದೆ ‘ನಾವು ಡಿಸ್ರಪ್ಟಿವ್’ ಅಂತ ಎದೆಯುಬ್ಬಿಸಿ ಹೇಳುತ್ತದೆ! ಪದ ಒಂದೇ. ಒಂದು ಕಡೆ ದೂರು, ಇನ್ನೊಂದು ಕಡೆ ಪದಕ.

ಪದಕದ ಅರ್ಥ ಬಂದದ್ದು ಇತ್ತೀಚೆಗೆ. 1995ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕರಾದ ಜೋಸೆಫ್ ಬೋವರ್ ಮತ್ತು ಕ್ಲೇಟನ್ ಕ್ರಿಸ್ಟೆನ್ಸನ್ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ‘ಡಿಸ್ರಪ್ಟಿವ್ ಟೆಕ್ನಾಲಜಿ’ ಬಗ್ಗೆ ಲೇಖನ ಬರೆದರು. 1997ರಲ್ಲಿ ಕ್ರಿಸ್ಟೆನ್ಸನ್ ಅದನ್ನೇ ಪುಸ್ತಕವಾಗಿ ಬೆಳೆಸಿದರು. ಅವರು ಹೇಳಿದ್ದು ಜೋರು ಬದಲಾವಣೆ ಅಂತ ಅಲ್ಲ. ಹೊಸದು ಶುರುವಿನಲ್ಲಿ ಹಳೆಯದಕ್ಕಿಂತ ಕಳಪೆಯಾಗಿರುತ್ತದೆ. ದೊಡ್ಡ ಗ್ರಾಹಕರು ಅದನ್ನು ತಿರುಗಿಯೂ ನೋಡುವುದಿಲ್ಲ. ಆದರೆ ಅಗ್ಗ, ಅಥವಾ ಚಿಕ್ಕದು, ಅಥವಾ ಸಲೀಸು. ಹಳೆಯವರು ಲೆಕ್ಕಕ್ಕೇ ಇಡದ ಜನರಿಗೆ ಅಷ್ಟೇ ಸಾಕು. ಅಲ್ಲಿ ನೆಲೆ ಕಂಡುಕೊಂಡು, ಸುಧಾರಿಸುತ್ತಾ ಬಂದು, ಕೊನೆಗೆ ಹಳೆಯದರ ಜಾಗದಲ್ಲೇ ಕೂರುತ್ತದೆ. ಅವರು ಕೊಟ್ಟ ಉದಾಹರಣೆ ಕಂಪ್ಯೂಟರಿನ ಡಿಸ್ಕ್ ಡ್ರೈವ್. 8 ಇಂಚಿನ ಡ್ರೈವ್ ಬಳಸುತ್ತಿದ್ದವರಿಗೆ 5.25 ಇಂಚಿನದು ಸಾಲುತ್ತಿರಲಿಲ್ಲ. ಆದರೆ ಮೇಜಿನ ಮೇಲೆ ಕೂರುವ ಕಂಪ್ಯೂಟರಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು.

ಹತ್ತಿರದಿಂದ ನೋಡಬೇಕಾದರೆ ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಮಾಡಿದ ಡಿಜಿಟಲ್ ಕ್ಯಾಮೆರಾ ನೋಡಿ. ಸುಮಾರು ಮೂರೂವರೆ ಕಿಲೋ ತೂಕ. ಚಿತ್ರದಲ್ಲಿ ಇದ್ದದ್ದು 0.01 ಮೆಗಾಪಿಕ್ಸೆಲ್, ಅದೂ ಕಪ್ಪು ಬಿಳುಪು. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡ್. ಫಿಲ್ಮ್ ಮಾರಿ ಬದುಕುತ್ತಿದ್ದ ಕಂಪನಿಗೆ ಇದರಿಂದ ಭಯ ಏಕೆ ಆಗಬೇಕು? 2012ರಲ್ಲಿ ಕೊಡಕ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ‘ಡಿಸ್ರಪ್ಟ್’ ಅನ್ನುವ ಪದಕ್ಕೆ ಇದಕ್ಕಿಂತ ಒಪ್ಪುವ ಚಿತ್ರ ಸಿಗುವುದು ಕಷ್ಟ.

ಆಮೇಲೆ ಪದ ಕೈತಪ್ಪಿತು. ಸುದ್ದಿ ಮಾಡಿದ ಕಂಪನಿಯೆಲ್ಲ ಡಿಸ್ರಪ್ಟಿವ್ ಆಯಿತು. 2015ರಲ್ಲಿ ಕ್ರಿಸ್ಟೆನ್ಸನ್ ಮತ್ತು ಜೊತೆಗಾರರು ಇನ್ನೊಂದು ಲೇಖನ ಬರೆದು, ತಮ್ಮ ಸಿದ್ಧಾಂತದ ಪ್ರಕಾರ ಊಬರ್ ಕೂಡ ಡಿಸ್ರಪ್ಟಿವ್ ಅಲ್ಲ ಎಂದು ಹೇಳಬೇಕಾಯಿತು. ಪದ ಹುಟ್ಟಿಸಿದವರೇ ಬಂದು ತಿದ್ದಿದರೂ ಜನ ಬಳಸುವುದನ್ನು ನಿಲ್ಲಿಸಲಿಲ್ಲ ಅನ್ನುವುದು ಬೇರೆ ಮಾತು.

ಹಾಗಾದರೆ ಯಾವಾಗ? ದೂರು ಕೊಡುವಾಗ ಧೈರ್ಯವಾಗಿ ಬಳಸಿ. ‘ನಿಮ್ಮ ಸೇವೆ ಮೂರು ದಿನ ಡಿಸ್ರಪ್ಟ್ ಆಗಿತ್ತು’ ಅನ್ನುವುದರಲ್ಲಿ ಯಾವ ಗೊಂದಲವೂ ಇಲ್ಲ. ಹೂಡಿಕೆ, ವ್ಯಾಪಾರದ ಜನರ ಮುಂದೆ ಬಳಸುವುದಾದರೆ ‘ಹೇಗೆ?’ ಅನ್ನುವ ಪ್ರಶ್ನೆಗೆ ಉತ್ತರ ಜೇಬಲ್ಲಿರಲಿ. ಶಿಫಾರಸು ಪತ್ರದಲ್ಲಿ ಮಾತ್ರ ಬೇಡವೇ ಬೇಡ. ಓದುವವರು ಯಾವ ಅರ್ಥ ಹಿಡಿಯುತ್ತಾರೋ ದೇವರೇ ಬಲ್ಲ.

ಗೇಮ್ ಚೇಂಜರ್: ಸವೆದ ನಾಣ್ಯ

ಎಲ್ಲರಿಗೂ ಅರ್ಥವಾಗುವ, ಹೊಗಳಿಕೆಯ ಕಡೆಗೇ ವಾಲುವ ಮಾತು. ಕನ್ನಡದಲ್ಲಿ ‘ಚಿತ್ರಣವೇ ಬದಲಾಯಿತು’ ಅನ್ನುತ್ತೇವಲ್ಲ, ಅದು. ಒಂದು ಷರತ್ತು ಇದೆ. ನಿಮ್ಮ ಆಟ ಒಂದೇ ಬದಲಾದರೆ ಸಾಲದು, ಎದುರಿಗಿದ್ದವರೂ ಹೊಸ ಥರ ಆಡಲೇಬೇಕಾಗಬೇಕು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಡಿಕ್ ಫಾಸ್ಬರಿ ಹೈಜಂಪ್ ಪಟ್ಟಿಯನ್ನು ಬೆನ್ನು ಕೆಳಗೆ ಮಾಡಿ ದಾಟಿದರು. 2.24 ಮೀಟರ್, ಚಿನ್ನ. ಅಲ್ಲಿಯವರೆಗೆ ಹೊಟ್ಟೆ ಕೆಳಗೆ ಮಾಡಿ ಹಾರುವುದೇ ದೊಡ್ಡವರ ಪದ್ಧತಿ. ಇವತ್ತು ಎತ್ತರ ಜಿಗಿತ ಅಂದರೆ ಎಲ್ಲರೂ ಬೆನ್ನು ಕೆಳಗೆ ಮಾಡಿಯೇ. ಅದು ಗೇಮ್ ಚೇಂಜರ್. ಪಕ್ಕದವರು ಏನೂ ಬದಲಿಸದೆ ಆರಾಮಾಗಿ ಇದ್ದರೆ, ನಿಮ್ಮದು ಬರೀ ಒಳ್ಳೆಯ ಐಡಿಯಾ.

ಜಾಹೀರಾತಿನವರು ಇದನ್ನು ಎಷ್ಟು ತಿಕ್ಕಿದ್ದಾರೆ ಅಂದರೆ ನಾಣ್ಯದ ಮೇಲಿನ ಮುಖವೇ ಕಾಣುವುದಿಲ್ಲ. ಹಲ್ಲುಜ್ಜುವ ಬ್ರಷ್ಷೂ ಗೇಮ್ ಚೇಂಜರ್, ಫೋನಿನ ಕವರ್ರೂ ಗೇಮ್ ಚೇಂಜರ್. ಸ್ನೇಹಿತರ ಜೊತೆ ಮಾತಿನಲ್ಲಿ ಪರವಾಗಿಲ್ಲ. ಬರವಣಿಗೆಯಲ್ಲಿ ಬಳಸಿದರೆ ಮುಂದಿನ ವಾಕ್ಯದಲ್ಲೇ ಮೊದಲು ಹೇಗಿತ್ತು, ಈಗ ಹೇಗಿದೆ ತೋರಿಸಿ. ತೋರಿಸಿದ ಮೇಲೆ ನೋಡಿದರೆ ಎಷ್ಟೋ ಸಲ ಆ ಮಾತೇ ಬೇಕಾಗಿರುವುದಿಲ್ಲ.

ಸೀ ಚೇಂಜ್, ಪ್ಯಾರಡೈಮ್ ಶಿಫ್ಟ್: ಸುಮ್ನೆ ಎತ್ತಿಕೊಳ್ಳಬೇಡಿ

‘ಸೀ ಚೇಂಜ್’ ಶೇಕ್ಸ್‌ಪಿಯರನ ‘ದ ಟೆಂಪೆಸ್ಟ್’ ನಾಟಕದ ಒಂದು ಹಾಡಿನಿಂದ ಬಂದದ್ದು. ಕಡಲ ತಳದಲ್ಲಿ ಮಲಗಿದ ತಂದೆಯ ಮೂಳೆ ಹವಳವಾಗಿದೆ, ಕಣ್ಣು ಮುತ್ತಾಗಿದೆ ಅನ್ನುವ ಹಾಡು ಅದು. ಇಲ್ಲಿ ಯಾರೂ ಏನನ್ನೂ ಅಲುಗಾಡಿಸುವುದಿಲ್ಲ. ನೀರು ತನ್ನ ಪಾಡಿಗೆ ಕೆಲಸ ಮಾಡಿದೆ. ಒಂದು ದಿನ ನೋಡಿದರೆ ಮೂಳೆಯೇ ಇಲ್ಲ, ಹವಳ ಇದೆ. ಹಾಗಾಗಿ ಸೋಮವಾರ ಬಂದ ಹೊಸ ನಿಯಮಕ್ಕೆ ಇದು ಹೊಂದುವುದಿಲ್ಲ. ಮನೆಯಲ್ಲಿ ಕೂತು ಕೆಲಸ ಮಾಡುವುದರ ಬಗ್ಗೆ ಜನರ ಮನಸ್ಸು ಬದಲಾದದ್ದು, ಮಾನಸಿಕ ಆರೋಗ್ಯದ ಬಗ್ಗೆ ಬಾಯಿಬಿಟ್ಟು ಮಾತಾಡುವಂತಾದದ್ದು, ಇಂಥದಕ್ಕೆ ಹೊಂದುತ್ತದೆ. ಇಲ್ಲಿನ ‘ಸೀ’ ಅಂದರೆ ಕಡಲು. ‘ನೋಡು’ ಎಂಬ ಅರ್ಥದ ‘ಸೀ’ ಹಾಕಿ ಬರೆಯುವವರೂ ಇದ್ದಾರೆ, ಅದು ತಪ್ಪು. ಇನ್ನೊಂದು ತಮಾಷೆ: ಆಸ್ಟ್ರೇಲಿಯಾದವರಿಗೆ ‘ಸೀ ಚೇಂಜ್’ ಮಾಡಿದೆ ಅಂದರೆ, ನಗರ ಬಿಟ್ಟು ಕಡಲತೀರದ ಊರಿಗೆ ಮನೆ ಬದಲಿಸಿದಿರಾ ಅಂತ ಕೇಳಿಯಾರು.

‘ಪ್ಯಾರಡೈಮ್ ಶಿಫ್ಟ್’ ಇನ್ನೂ ಭಾರ. ವಿಜ್ಞಾನದ ಇತಿಹಾಸಕಾರ ಥಾಮಸ್ ಕೂನ್ 1962ರಲ್ಲಿ ವಿಜ್ಞಾನದ ಕ್ರಾಂತಿಗಳ ಬಗ್ಗೆ ಬರೆದ ಪುಸ್ತಕದಿಂದ ಈ ಮಾತು ಮನೆಮಾತಾಯಿತು. ಭೂಮಿ ನಡುವೆ ಇದೆ ಎಂದು ಲೆಕ್ಕ ಹಾಕುತ್ತಿದ್ದವರ ಮುಂದೆ 1543ರಲ್ಲಿ ಕೊಪರ್ನಿಕಸ್ ಸೂರ್ಯನನ್ನು ನಡುವೆ ಇಟ್ಟ. ಆಕಾಶ ಅದೇ, ನಕ್ಷತ್ರ ಅವೇ. ನೋಡುವ ಚೌಕಟ್ಟು ಬೇರೆ. ಉತ್ತರ ಬದಲಾದರೆ ಇದಾಗುವುದಿಲ್ಲ, ಕೇಳುವ ಪ್ರಶ್ನೆಯೇ ಬದಲಾಗಬೇಕು. ಪ್ರಬಂಧ, ಸಂಶೋಧನೆಯಲ್ಲಿ ಸರಿ. ಮೀಟಿಂಗಿನಲ್ಲಿ ಹೇಳಿದರೆ ಅರ್ಧ ಜನ ಗೋಡೆ ಗಡಿಯಾರ ನೋಡುತ್ತಾರೆ.

‘ಕ್ವಾಂಟಮ್ ಲೀಪ್’ ಕೂಡ ಇದೇ ಅಂಗಡಿಯ ಸರಕು. ಜನ ದೊಡ್ಡ ನೆಗೆತ ಅಂತ ಬಳಸುತ್ತಾರೆ. ಭೌತಶಾಸ್ತ್ರದಲ್ಲಿ ಅದು ಪರಮಾಣುವಿನ ಒಳಗೆ ಆಗುವ, ಊಹೆಗೂ ನಿಲುಕದಷ್ಟು ಚಿಕ್ಕ ಜಿಗಿತ. ವಿಜ್ಞಾನ ಓದಿದವರ ಮುಂದೆ ಬೇಡ.

ದೋಣಿ ಮತ್ತು ಗಾಡಿ

‘ರಾಕ್ ದ ಬೋಟ್’ ಜಾಸ್ತಿ ಬಳಕೆಯಾಗುವುದು ‘ಬೇಡ’ದ ಜೊತೆ. ‘ಡೋಂಟ್ ರಾಕ್ ದ ಬೋಟ್.’ ಎಲ್ಲರೂ ಒಂದೇ ದೋಣಿಯಲ್ಲಿದ್ದೇವೆ, ನೀನು ಸುಮ್ನೆ ಕೂತ್ಕೋ ಅಂತ. ‘ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು’ ಅನ್ನುವ ನಮ್ಮ ಗಾದೆಯ ಧ್ವನಿ ಇದರಲ್ಲಿದೆ. ಇಲ್ಲಿ ಬದಲಾವಣೆ ಇನ್ನೂ ಆಗಿಲ್ಲ, ಆದೀತು ಅನ್ನುವ ಹೆದರಿಕೆ ಅಷ್ಟೇ.

‘ಅಪ್‌ಸೆಟ್ ದ ಆಪಲ್ ಕಾರ್ಟ್’ನಲ್ಲಿ ಗಾಡಿ ಮಗುಚಿ ಆಗಿದೆ. ಹದಿನೆಂಟನೇ ಶತಮಾನದ ಕೊನೆಯಿಂದಲೂ ಇರುವ ಮಾತು. ಯಾರೋ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದರು, ಇನ್ಯಾರೋ ಬಂದು ಕೆಡಿಸಿದರು. ‘ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು’ ಅಂತೀವಲ್ಲ, ಸರಿಸುಮಾರು ಅದೇ. ನೆನಪಿಡಬೇಕಾದ್ದು: ಇಲ್ಲಿ ಕಥೆ ಹೇಳುತ್ತಿರುವುದು ಗಾಡಿಯವನ ಕಡೆಯಿಂದ. ನೀವು ಮಗುಚಿದವರ ಪರ ಇದ್ದರೆ ಬೇರೆ ಮಾತು ಹುಡುಕಿ.

ಎರಡೂ ಆಡುಮಾತು. ಮೇಲಧಿಕಾರಿಗೆ ಬರೆಯುವ ಪತ್ರದಲ್ಲಿ ಹಗುರವಾಗುತ್ತವೆ.

ಒಂದೇ ಘಟನೆಗೆ ಎಲ್ಲವನ್ನೂ ಹಾಕಿ ನೋಡೋಣ

2003ರಲ್ಲಿ ಇಂಗ್ಲೆಂಡಿನ ಕೌಂಟಿ ತಂಡಗಳು ಇಪ್ಪತ್ತು ಓವರಿನ ಪಂದ್ಯ ಶುರು ಮಾಡಿದವು. ಕೌಂಟಿ ಬೇಸಿಗೆಯ ವೇಳಾಪಟ್ಟಿಗೆ ಅದು ಶೇಕ್ ಅಪ್, ತಂಡಗಳು ಅವೇ, ಆಡುವ ಕ್ರಮ ಬೇರೆ. ‘ಇದೂ ಒಂದು ಕ್ರಿಕೆಟ್ಟಾ?’ ಎಂದವರಿಗೆ ಅದು ದೋಣಿ ಅಲುಗಾಡಿಸುವ ಕೆಲಸ. ಬ್ಯಾಟರ್‌ಗಳು ವರ್ಷದಿಂದ ವರ್ಷಕ್ಕೆ ಟೆಸ್ಟಿನಲ್ಲೂ ಬೀಸಿ ಹೊಡೆಯಲು ಶುರು ಮಾಡಿದ್ದು ಸೀ ಚೇಂಜ್, ಯಾವ ಪಂದ್ಯದಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಕ್ರಿಸ್ಟೆನ್ಸನ್ ಅರ್ಥದ ‘ಡಿಸ್ರಪ್ಟ್’ ಕೂಡ ಇಲ್ಲಿ ಚೆನ್ನಾಗಿಯೇ ಕೂರುತ್ತದೆ: ಪಂಡಿತರ ಕಣ್ಣಿಗೆ ಕಳಪೆ, ಸಂಜೆ ಮೂರು ಗಂಟೆ ಮಾತ್ರ ಬಿಡುವಿದ್ದವರಿಗೆ ಸರಿಯಾದ ಅಳತೆ. ಓವರ್‌ಹಾಲ್ ಮಾತ್ರ ಎಲ್ಲಿಯೂ ಕೂರುವುದಿಲ್ಲ, ಯಾಕೆಂದರೆ ಹಳೆಯದನ್ನು ಯಾರೂ ಬಿಚ್ಚಲಿಲ್ಲ. ಪಕ್ಕದಲ್ಲಿ ಹೊಸದನ್ನು ತಂದಿಟ್ಟರು ಅಷ್ಟೇ.

ನಿಮ್ಮ ಕೈಲಿರುವ ಕೆಲಸಕ್ಕೆ

ತಲೆಬರಹಕ್ಕೆ ಜಾಗ ಕಡಿಮೆ ಇದ್ದು, ಯಾರ ಪಕ್ಷವನ್ನೂ ಹಿಡಿಯಬಾರದು ಎಂದಿದ್ದರೆ ಶೇಕ್ ಅಪ್. ರೆಸ್ಯೂಮೆಗೆ ಓವರ್‌ಹಾಲ್, ಜೊತೆಗೆ ಒಂದು ಅಂಕಿ: ಎಷ್ಟು ದಿನದ ಕೆಲಸ ಎಷ್ಟು ದಿನಕ್ಕೆ ಇಳಿಯಿತು ಅಂತ. ದೂರಿನ ಪತ್ರಕ್ಕೆ ಡಿಸ್ರಪ್ಟ್. ಯಾರೋ ನಿಮ್ಮ ಪ್ಲಾನ್ ಹಾಳು ಮಾಡಿದ್ದನ್ನು ಗೆಳೆಯರಿಗೆ ಹೇಳಿಕೊಳ್ಳುವಾಗ ಸೇಬಿನ ಗಾಡಿ. ನಾಲ್ಕು ವಾಕ್ಯ ವಿವರಿಸಲು ಜಾಗವೂ, ಓದುವ ವ್ಯವಧಾನ ಇರುವ ಓದುಗರೂ ಇದ್ದರೆ ಮಾತ್ರ ಸೀ ಚೇಂಜ್ ಅಥವಾ ಪ್ಯಾರಡೈಮ್ ಶಿಫ್ಟ್. ಇಂಗ್ಲಿಷ್ ಅಷ್ಟಾಗಿ ಬಾರದವರಿಗೆ ಬರೆಯುತ್ತಿದ್ದರೆ ದೋಣಿ, ಗಾಡಿ, ಕಡಲು ಎಲ್ಲ ಬಿಡಿ. ಅವರು ಅವನ್ನು ನಿಜವಾದ ದೋಣಿ ಗಾಡಿ ಅಂತಲೇ ಓದಬಹುದು.

ಯಾವುದೂ ಕೂರದಿದ್ದರೆ ‘ಚೇಂಜ್’ ಅನ್ನುವ ಬಡಪಾಯಿ ಪದ ಇದ್ದೇ ಇದೆ ಅಲ್ವಾ. ಮೀಟಿಂಗ್ ಹನ್ನೊಂದರಿಂದ ಹನ್ನೆರಡಕ್ಕೆ ಹೋದರೆ ಅದು ಚೇಂಜ್ ಅಷ್ಟೇ.